ಬೀಗ ಹಾಕದೆ ಪುಸ್ತಕ ಉಳಿಸಿಕೊಳ್ಳುವುದು: ಗಡಿನಾಡಿನ ಸಣ್ಣ ಗ್ರಂಥಾಲಯಗಳಿಗೆ ಒಂದು ಮಾರ್ಗದರ್ಶಿ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಸಣ್ಣ ಗ್ರಂಥಾಲಯಗಳನ್ನು ನಡೆಸುವವರು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಾರೆ. "ಕನ್ನಡ ಪುಸ್ತಕ ಒಂದೊಂದೇ ಕಾಣೆಯಾಗ್ತಾ ಇದೆ. ಕಪಾಟಿಗೆ ಬೀಗ ಹಾಕಿಬಿಡೋದಾ?"

ಎಲ್ಲದಕ್ಕೂ ಬೀಗ ಹಾಕಬೇಡಿ. ಓದುಗರು ಬಂದು ಕಪಾಟಿನ ಮುಂದೆ ನಿಂತು, ನಾಲ್ಕು ಪುಸ್ತಕ ತೆಗೆದು ನೋಡಿ, ಐದನೆಯದನ್ನು ಮನೆಗೆ ಒಯ್ಯುತ್ತಾರೆ. ಬೀಗ ಬಿದ್ದರೆ ಅವರು ಪುಸ್ತಕದ ಹೆಸರು ಹೇಳಿ ಕೇಳಬೇಕಾಗುತ್ತದೆ. ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಯಾರು ಕೇಳುತ್ತಾರೆ? ಎಂಟನೇ ಕ್ಲಾಸಿನ ಮಗು ಅಂತೂ ಕೇಳುವುದಿಲ್ಲ. ಸುಮ್ನೆ ತಿರುಗಿ ಹೋಗುತ್ತದೆ. ನಮ್ಮ ಗಡಿನಾಡಿನಲ್ಲಿ ಶಾಲೆಯ ಹೊರಗೆ ಕನ್ನಡ ಪುಸ್ತಕ ಕೈಗೆ ಸಿಗುವ ಜಾಗಗಳೇ ಕಡಿಮೆ. ಇರುವ ಜಾಗವನ್ನೂ ಮುಚ್ಚಿದರೆ ಕಳ್ಳರಿಗಿಂತ ಜಾಸ್ತಿ ನಷ್ಟ ನಾವೇ ಮಾಡಿದ ಹಾಗೆ.

ಆದರೆ ಹೋದರೆ ಹೋಗಲಿ ಅಂತ ಕೈಬಿಡುವುದಕ್ಕೂ ಆಗುವುದಿಲ್ಲ. ಇಲ್ಲಿ ಕಳೆದ ಕನ್ನಡ ಪುಸ್ತಕ ಪುನಃ ಬೇಕಾದರೆ ಮಂಗಳೂರಿಗೋ ಪುತ್ತೂರಿಗೋ ಹೋಗಬೇಕು. ಅಲ್ಲೂ ಸಿಗುವ ಭರವಸೆ ಇಲ್ಲ. ಊರಿನ ಸಣ್ಣ ಪ್ರಕಾಶಕರು ತಂದ ಕವನ ಸಂಕಲನ, ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗ ಇವೆಲ್ಲ ಒಮ್ಮೆ ಅಚ್ಚಾಗಿ ಮುಗಿದವು. ಹಾಗಾಗಿ ಯಾವ ಪುಸ್ತಕವನ್ನು ತೆರೆದಿಡಬೇಕು, ಯಾವುದನ್ನು ಕಾಯಬೇಕು ಅನ್ನುವುದನ್ನು ತಿಳಿದು ಮಾಡಬೇಕು. ಅದರ ಕ್ರಮ ಹೀಗೆ.

ಶುರು ಮಾಡುವ ಮೊದಲು ಬೇಕಾದದ್ದು

ಬಂದ ಪುಸ್ತಕಗಳನ್ನೆಲ್ಲ ನಂಬರ್ ಹಾಕಿ ಬರೆದಿಡುವ ನಿಮ್ಮ ಸ್ಟಾಕ್ ರಿಜಿಸ್ಟರ್. ಗ್ರಂಥಾಲಯದ ರಬ್ಬರ್ ಸೀಲು. ಪುಸ್ತಕದ ಬೆನ್ನಿಗೆ ಅಂಟಿಸುವ ಲೇಬಲ್. ಮೆದು ಮೊನೆಯ 2ಬಿ ಪೆನ್ಸಿಲ್. ಕ್ಯಾಮೆರಾ ಇರುವ ಫೋನ್. ಬೀಗ ಇರುವ ಒಂದೇ ಒಂದು ಕಪಾಟು. ಜೊತೆಗೆ ಎರಡು ಜನ. ಅವರಲ್ಲಿ ಒಬ್ಬರಿಗಾದರೂ ಕನ್ನಡ ಓದಲು ಬರಬೇಕು.

1. ಮೊದಲು ಎಣಿಸಿ

ಪುಸ್ತಕ ಕಳವಾಗಿದೆ ಅನ್ನುವ ದೂರು ಹೆಚ್ಚಾಗಿ ಎಣಿಸದೆ ಹೇಳಿದ ಮಾತು. ವರ್ಷಕ್ಕೊಮ್ಮೆ ಕಪಾಟಿನಲ್ಲಿರುವುದನ್ನು ರಿಜಿಸ್ಟರಿನ ಜೊತೆ ಹೋಲಿಸಿ ನೋಡುವುದಕ್ಕೆ 'ಸ್ಟಾಕ್ ವೆರಿಫಿಕೇಶನ್' ಎನ್ನುತ್ತಾರೆ. ಒಬ್ಬರು ಕಪಾಟಿನಿಂದ ಪುಸ್ತಕದ ನಂಬರ್ ಓದಬೇಕು, ಇನ್ನೊಬ್ಬರು ಗುರುತು ಹಾಕಬೇಕು. ಗುರುತನ್ನು ರಿಜಿಸ್ಟರಿನ ಮೇಲೆ ಹಾಕಬೇಡಿ. ಬೇರೆ ಹಾಳೆಯಲ್ಲಿ ಒಂದರಿಂದ ಕೊನೆಯ ನಂಬರಿನವರೆಗೆ ಬರೆದುಕೊಂಡು ಅಲ್ಲಿ ಹಾಕಿ. ಮುಂದಿನ ವರ್ಷ ಹೋಲಿಸಲು ಆ ಹಾಳೆಯನ್ನು ಇಟ್ಟುಕೊಳ್ಳಿ.

ಗುರುತು ಬೀಳದೆ ಉಳಿದ ನಂಬರುಗಳನ್ನೆಲ್ಲ ಕಳವು ಅಂತ ಬರೆಯಬೇಡಿ. ಒಂದೊಂದನ್ನೂ ಕೇಳುತ್ತಾ ಹೋಗಿ. ಯಾರದೋ ಮನೆಯಲ್ಲಿ ಇದೆಯಾ? ಬೇರೆ ಕಪಾಟಿಗೆ ಸೇರಿಕೊಂಡಿದೆಯಾ? ಬೈಂಡಿಂಗಿಗೆ ಹೋದದ್ದು ಅಲ್ಲೇ ಉಳಿಯಿತಾ? ಒರಲೆ ತಿಂದು ಬಿಸಾಡಿದ್ದನ್ನು ಬರೆದಿಲ್ಲವಾ? ಒಂದೇ ಪುಸ್ತಕಕ್ಕೆ ಎರಡು ನಂಬರ್ ಬಿದ್ದಿದೆಯಾ? ಇಷ್ಟು ಕೇಳಿದ ಮೇಲೂ ಉಳಿದದ್ದು ಮಾತ್ರ ನಿಜಕ್ಕೂ ಕಾಣೆಯಾದದ್ದು. ಹೆಚ್ಚಿನ ಕಡೆ ಆ ಪಟ್ಟಿ ನೀವು ಹೆದರಿದ್ದಕ್ಕಿಂತ ತುಂಬಾ ಚಿಕ್ಕದಾಗಿರುತ್ತದೆ.

ಎಣಿಕೆಗೆ ಒಳ್ಳೆಯ ಸಮಯ ಪತ್ತನಾಜೆಯ ಆಸುಪಾಸು, ಅಂದರೆ ಮೇ ತಿಂಗಳ ಕೊನೆ. ಶಾಲೆಗೆ ರಜೆ, ಮಕ್ಕಳ ಸಹಾಯ ಸಿಗುತ್ತದೆ. ಮಳೆ ಹಿಡಿಯುವ ಮೊದಲು ಪ್ರತಿಯೊಂದು ಪುಸ್ತಕವನ್ನೂ ಒಮ್ಮೆ ಕೈಯಲ್ಲಿ ಹಿಡಿದು ಧೂಳು ಒರೆಸಿದ ಹಾಗೂ ಆಗುತ್ತದೆ.

ಎಷ್ಟು ಹೋದರೆ ಗಾಬರಿಯಾಗಬೇಕು? ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಇದಕ್ಕೊಂದು ಅಳತೆ ಕೊಡುತ್ತದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಹೋದರೆ ಅದು ಸಹಜ ನಷ್ಟ. ಆದರೆ ಅದರಲ್ಲಿ ಮೋಸ, ಬೇಜವಾಬ್ದಾರಿ ಇರಬಾರದು. 1,000 ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಹೋದರೆ ವಿಚಾರಣೆ ಆಗಲೇಬೇಕು. ಅಪರೂಪದ ಪುಸ್ತಕವಾದರೆ ಬೆಲೆ ಎಷ್ಟೇ ಇರಲಿ, ಆಗಲೂ ವಿಚಾರಣೆ ಆಗಬೇಕು. 20,000 ಪುಸ್ತಕದವರೆಗಿನ ಗ್ರಂಥಾಲಯ ಪ್ರತಿವರ್ಷ ಪೂರ್ತಿ ಎಣಿಸಬೇಕು ಎಂದೂ ಅದೇ ನಿಯಮ ಹೇಳುತ್ತದೆ.

ಇದು ಕೇಂದ್ರ ಸರಕಾರದ ಕಚೇರಿಗಳ ಗ್ರಂಥಾಲಯಕ್ಕೆ ಮಾಡಿದ ನಿಯಮ, ನಿಮ್ಮ ಊರಿನ ಗ್ರಂಥಾಲಯವನ್ನು ಕಟ್ಟಿಹಾಕುವುದಿಲ್ಲ. ಆದರೂ ಸಮಿತಿ ಸಭೆಯಲ್ಲಿ ಇದನ್ನು ಓದಿ ಹೇಳಿ. ಕಾರಣ ಇದೆ. ಕಪಾಟಿಗೆ ಬೀಗ ಹಾಕುವವರು ಹೆಚ್ಚಿನವರು ಹೆದರಿ ಹಾಕುತ್ತಾರೆ. "ಪುಸ್ತಕ ಹೋದರೆ ನನ್ನ ಕೈಯಿಂದ ಕಟ್ಟಿಸ್ತಾರೆ" ಎಂಬ ಹೆದರಿಕೆ ಅದು. ಗೌರವಧನ ಅಷ್ಟಕ್ಕಷ್ಟೆ ಇರುವ ಗ್ರಂಥಪಾಲಕಿಗೆ ಆ ಭಾರ ಹೊರಿಸುವುದು ಅನ್ಯಾಯ. ಇಂತಿಷ್ಟು ನಷ್ಟವನ್ನು ಸಮಿತಿಯೇ ವಜಾ ಮಾಡುತ್ತದೆ, ಗ್ರಂಥಪಾಲಕರಿಂದ ವಸೂಲಿ ಮಾಡುವುದಿಲ್ಲ ಎಂದು ನಿರ್ಣಯ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಈ ಒಂದು ನಿರ್ಣಯ ಆದರೆ ಅರ್ಧ ಬೀಗಗಳು ತಾವಾಗಿಯೇ ತೆರೆಯುತ್ತವೆ.

2. ನಂಬರ್ ಮತ್ತು ಸೀಲು

ಪ್ರತಿ ಪುಸ್ತಕಕ್ಕೂ ಅದರದ್ದೇ ಒಂದು ನಂಬರ್ ಇರಬೇಕು. ಇದಕ್ಕೆ 'ಅಕ್ಸೆಷನ್ ನಂಬರ್' ಎನ್ನುತ್ತಾರೆ. ಪುಸ್ತಕ ಗ್ರಂಥಾಲಯಕ್ಕೆ ಬಂದ ಕ್ರಮದಲ್ಲಿ ಕೊಡುವ ನಂಬರ್ ಇದು. ಒಮ್ಮೆ ಕೊಟ್ಟದ್ದನ್ನು ಬೇರೆ ಪುಸ್ತಕಕ್ಕೆ ಕೊಡಬಾರದು, ಮೊದಲಿನದು ಕಳೆದುಹೋಗಿದ್ದರೂ ಕೂಡ. ಉಡುಗೊರೆ ಬಂದ ಪುಸ್ತಕಗಳಿಗೆ ನಂಬರ್ ಹಾಕದೆ ನೇರ ಕಪಾಟಿಗೆ ಇಡುವುದು ಬಹಳ ಕಡೆ ಅಭ್ಯಾಸ. ನಂಬರ್ ಇಲ್ಲದ ಪುಸ್ತಕ ಹೋದರೆ ಹೋಯಿತು ಅಂತಲೂ ಗೊತ್ತಾಗುವುದಿಲ್ಲ.

ನಂಬರ್ ಮತ್ತು ಸೀಲು ಮೂರು ಕಡೆ ಇರಲಿ: ಹೆಸರಿನ ಪುಟದ ಹಿಂಬದಿ, ಕೊನೆಯ ಪುಟ, ಮತ್ತು 'ಗುಪ್ತ ಪುಟ'. ಎಲ್ಲ ಪುಸ್ತಕದಲ್ಲೂ ಒಂದೇ ಪುಟಸಂಖ್ಯೆಯನ್ನು ನೀವು ಆರಿಸಿಕೊಂಡು ಅಲ್ಲಿ ಗುರುತು ಹಾಕುತ್ತೀರಿ, ಅದೇ ಗುಪ್ತ ಪುಟ. ಮೊದಲ ಪುಟ ಹರಿದು ತೆಗೆದರೂ ಈ ಗುರುತು ಉಳಿಯುತ್ತದೆ. ಸಂಖ್ಯೆ ಚಿಕ್ಕದಿರಲಿ. ಪ್ರಸಂಗ ಪುಸ್ತಕಗಳು ತೆಳ್ಳಗಿರುತ್ತವೆ, 71ನೇ ಪುಟ ಆರಿಸಿದರೆ ಅವುಗಳಲ್ಲಿ ಆ ಪುಟವೇ ಇರುವುದಿಲ್ಲ. ಯಾವ ಪುಟ ಅನ್ನುವುದು ಇಬ್ಬರು ಮೂವರಿಗೆ ಮಾತ್ರ ಗೊತ್ತಿದ್ದರೆ ಸಾಕು.

ಸೀಲು ಅಕ್ಷರದ ಮೇಲೆ, ಚಿತ್ರದ ಮೇಲೆ ಬೀಳಬಾರದು. ಮಳೆಗಾಲದಲ್ಲಿ ಹಾಕಿದ ಸೀಲಿನ ಶಾಯಿ ಬೇಗ ಒಣಗುವುದಿಲ್ಲ, ಎದುರು ಪುಟಕ್ಕೆ ಅಂಟುತ್ತದೆ. ನಡುವೆ ಒಂದು ತುಂಡು ಕಾಗದ ಇಟ್ಟು ಮುಚ್ಚಿ. ಹಳೆಯ, ಮುಟ್ಟಿದರೆ ಪುಡಿಯಾಗುವ ಕಾಗದಕ್ಕೆ ಸೀಲು ಬೇಡವೇ ಬೇಡ. ಪೆನ್ಸಿಲ್ಲಿನಲ್ಲಿ ನಂಬರ್ ಬರೆಯಿರಿ, ಸಾಕು.

ಇನ್ನು ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ತೊಂದರೆ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿನ ಎಷ್ಟೋ ಗ್ರಂಥಾಲಯಗಳಲ್ಲಿ ಮಲಯಾಳ, ಕನ್ನಡ ಎರಡೂ ಪುಸ್ತಕಗಳಿವೆ. ಮೇಜಿನ ಹಿಂದೆ ಕೂರುವವರಿಗೆ ಕೆಲವು ಕಡೆ ಮಲಯಾಳ ಮಾತ್ರ ಓದಲು ಬರುತ್ತದೆ. ಕನ್ನಡ ಪುಸ್ತಕ ವಾಪಸು ಬಂದಾಗ ಅವರು ಅದನ್ನು ಖಾಲಿ ಕಂಡಲ್ಲಿ ಇಡುತ್ತಾರೆ. ಕಾದಂಬರಿ ಹೋಗಿ ಧಾರ್ಮಿಕ ಪುಸ್ತಕಗಳ ನಡುವೆ ಕೂರುತ್ತದೆ. ಮುಂದಿನ ಓದುಗ ಕೇಳಿದಾಗ ಇಲ್ಲ ಎಂಬ ಉತ್ತರ. ಆರು ತಿಂಗಳಲ್ಲಿ ಅದು ಕಳವಿನ ಪಟ್ಟಿ ಸೇರುತ್ತದೆ. ತಪ್ಪು ಜಾಗಕ್ಕೆ ಹೋದ ಪುಸ್ತಕವೂ ಕಳೆದ ಪುಸ್ತಕವೇ ಅಲ್ವಾ?

ಇದಕ್ಕೆ ಪರಿಹಾರ ಬೆನ್ನಿನ ಲೇಬಲ್. ಓದಲು ಬಾರದವರೂ ಗುರುತಿಸುವಂತೆ ಬಣ್ಣ ಮತ್ತು ಅಂಕೆ ಇರಲಿ. ಕತೆ ಕಾದಂಬರಿಗೆ ಒಂದು ಬಣ್ಣ, ಕಾವ್ಯಕ್ಕೆ ಒಂದು, ಯಕ್ಷಗಾನಕ್ಕೆ ಒಂದು, ಮಕ್ಕಳಿಗೆ ಒಂದು. ಲೇಬಲ್ಲಿನಲ್ಲಿ 1, 2, 3 ಅಂಕೆಗಳನ್ನೇ ಬಳಸಿ. ವಿಷಯ ನೋಡಿ ಪುಸ್ತಕಕ್ಕೆ ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣ ಅನುಸರಿಸುವ ಗ್ರಂಥಾಲಯವಾದರೆ ಕನ್ನಡ ಸಾಹಿತ್ಯದ ಸಂಖ್ಯೆ 894.814, ಮಲಯಾಳದ್ದು 894.812. ಕೊನೆಯ ಅಂಕೆ ಒಂದರಲ್ಲೇ ವ್ಯತ್ಯಾಸ ಇರುವುದರಿಂದ ಗಡಿಬಿಡಿಯಲ್ಲಿ ಎರಡೂ ಬೆರೆತುಹೋಗುತ್ತವೆ. ಬಣ್ಣ ಇದ್ದರೆ ದೂರದಿಂದಲೇ ಗೊತ್ತಾಗುತ್ತದೆ. ರಿಜಿಸ್ಟರಿನಲ್ಲಿ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಪಕ್ಕದಲ್ಲಿ ಮಲಯಾಳ ಲಿಪಿಯಲ್ಲೂ ಬರೆದರೆ ಇನ್ನೂ ಒಳ್ಳೆಯದು.

3. ಮೂರು ಪಾಲು ಮಾಡಿ

ಈ ಇಡೀ ಕೆಲಸದಲ್ಲಿ ತಲೆ ಖರ್ಚು ಮಾಡಬೇಕಾದ ಹಂತ ಇದು. ಪುಸ್ತಕಗಳನ್ನು ಮೂರಾಗಿ ವಿಂಗಡಿಸಿ.

ಮೊದಲ ಪಾಲು ತೆರೆದ ಕಪಾಟಿಗೆ. ಇಂದು ಹೋದರೆ ನಾಳೆ ತರಿಸಬಹುದಾದ ಪುಸ್ತಕಗಳೆಲ್ಲ ಇಲ್ಲಿ. ನಿಮ್ಮ ಸಂಗ್ರಹದ ಬಹುಪಾಲು ಇದೇ ಆಗಿರಬೇಕು.

ಎರಡನೆಯ ಪಾಲು ಮೇಜಿನ ಹತ್ತಿರದ ಕಪಾಟಿಗೆ. ಬೀಗ ಇಲ್ಲ, ಆದರೆ ಗ್ರಂಥಪಾಲಕರ ಕಣ್ಣೆದುರಿಗೆ. ಜಾಸ್ತಿ ಬೇಡಿಕೆ ಇರುವವು ಇಲ್ಲಿ: ಕೇರಳ ಲೋಕಸೇವಾ ಆಯೋಗದ ಉದ್ಯೋಗ ಪರೀಕ್ಷೆಗೆ ಓದುವ ಪಿಎಸ್‌ಸಿ ರ‍್ಯಾಂಕ್ ಫೈಲ್‌ಗಳು, ನಿಘಂಟು, ಪಾಠಕ್ಕೆ ಬೇಕಾದ ಕೃತಿಗಳು, ಪ್ರಸಂಗ ಪುಸ್ತಕಗಳು.

ಮೂರನೆಯ ಪಾಲು ಬೀಗದ ಕಪಾಟಿಗೆ. ಪುನಃ ಸಿಗದವು ಮಾತ್ರ.

ಇಲ್ಲಿ ಹೆಚ್ಚಿನವರು ಬೆಲೆ ನೋಡಿ ತೀರ್ಮಾನಿಸುತ್ತಾರೆ. ದಪ್ಪ ರಟ್ಟಿನ ಹೊಸ ಸಂಪುಟ ಬೀಗದೊಳಗೆ ಹೋಗುತ್ತದೆ. ಎಂಟಾಣೆ ಬೆಲೆ ಅಚ್ಚಾಗಿರುವ ಹಳೆಯ ಪ್ರಸಂಗ ಹೊರಗೆ ಉಳಿಯುತ್ತದೆ. ಇದು ತಿರುಗುಮುರುಗು. ದಪ್ಪ ಸಂಪುಟ ದುಡ್ಡು ಕೊಟ್ಟರೆ ಸಿಗುತ್ತದೆ, ಎಂಟಾಣೆಯ ಪ್ರಸಂಗ ಎಷ್ಟು ದುಡ್ಡು ಕೊಟ್ಟರೂ ಸಿಗಲಾರದು. ಕೇಳಬೇಕಾದ ಪ್ರಶ್ನೆ ಒಂದೇ: ಇದು ಹೋದರೆ ಇನ್ನೊಂದು ಎಲ್ಲಿಂದ ತರುತ್ತೇವೆ? ಉತ್ತರ ಹೊಳೆಯದಿದ್ದರೆ ಬೀಗದ ಕಪಾಟಿಗೆ ಇಡಿ.

ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಪ್ರಸಂಗಗಳ ಹಳೆಯ ಮುದ್ರಣಗಳು ಗ್ರಂಥಾಲಯಗಳಲ್ಲೂ ಮನೆಗಳಲ್ಲೂ ಸಿಗುತ್ತವೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕುಳಿತು ನಡೆಸುವ ಯಕ್ಷಗಾನ, ಜೋರು. ಆಗ ಪದ್ಯ ಹಾಡುವ ಭಾಗವತರು, ಮಾತು ಹೇಳುವ ಅರ್ಥಧಾರಿಗಳು ಇವನ್ನು ಹುಡುಕಿಕೊಂಡು ಬರುತ್ತಾರೆ. ಅವರು ಕೇಳುವುದು ಪ್ರೀತಿಯಿಂದಲೇ. ಆದರೆ ಒಂದು ಪ್ರಸಂಗ ಒಬ್ಬರಿಂದ ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ ದಾಟಿ ಎಲ್ಲಿಗೋ ಹೋಗಿಬಿಡುತ್ತದೆ. ಮೂಲ ಪ್ರತಿಯನ್ನು ಒಳಗಿಟ್ಟು, ನೆರಳಚ್ಚು (ಫೋಟೋಕಾಪಿ) ತೆಗೆದು ಬೈಂಡ್ ಮಾಡಿದ ಪ್ರತಿಯನ್ನು ಹೊರಗೆ ಕೊಡಿ. ಹಾಡುವವರಿಗೆ ಪದ್ಯ ಸಿಕ್ಕಿದರೆ ಸಾಕು.

ನೆರಳಚ್ಚಿಗೆ ಕಾನೂನಿನ ಅಡ್ಡಿ ಇದೆಯಾ ಅಂತ ಕೇಳುತ್ತೀರಿ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರರವರೆಗೆ ಪ್ರತಿ ಮಾಡಿಸಿಕೊಳ್ಳಬಹುದು. ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಇದಕ್ಕೆ ಅವಕಾಶ ಇದೆ. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಕೃತಿಗಳಿಗೆ ಆ ಮಿತಿಯೂ ಇಲ್ಲ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಅವನ್ನು ಸ್ಕ್ಯಾನ್ ಮಾಡಿ, ಪ್ರತಿ ತೆಗೆದು ಹಂಚಲು ಯಾರನ್ನೂ ಕೇಳಬೇಕಾಗಿಲ್ಲ. ಪುಸ್ತಕದಲ್ಲಿ ಹೊಸಬರು ಬರೆದ ಮುನ್ನುಡಿ, ಟಿಪ್ಪಣಿ ಇದ್ದರೆ ಅವುಗಳ ಹಕ್ಕು ಬೇರೆ, ಅದನ್ನು ಮಾತ್ರ ನೋಡಿಕೊಳ್ಳಿ.

ಬೀಗದ ಕಪಾಟಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಕಪಾಟಿನ ಬಾಗಿಲಿಗೇ ದೊಡ್ಡ ಅಕ್ಷರದಲ್ಲಿ ಅಂಟಿಸಿ. "ಕೇಳಿದರೆ ಇಲ್ಲೇ ಕುಳಿತು ಓದಲು ಕೊಡುತ್ತೇವೆ" ಎಂದು ಕೆಳಗೆ ಬರೆಯಿರಿ. ಕೀಲಿಕೈ ಅಧ್ಯಕ್ಷರ ಮನೆಯಲ್ಲಿ ಇರಬಾರದು. ಗ್ರಂಥಾಲಯ ತೆರೆದಿರುವಷ್ಟು ಹೊತ್ತೂ ಕೀಲಿಕೈ ಮೇಜಿನ ಹತ್ತಿರ ಇರಬೇಕು.

4. ಕೋಣೆಯನ್ನು ಸ್ವಲ್ಪ ತಿರುಗಿಸಿ

ಇದಕ್ಕೆ ದುಡ್ಡು ಬೇಡ, ಮೈಮುರಿದು ಕಪಾಟು ಸರಿಸಿದರೆ ಆಯಿತು. ಗ್ರಂಥಪಾಲಕರ ಮೇಜು ಬಾಗಿಲ ಹತ್ತಿರ ಇರಲಿ. ಓಡಾಡಲು ಒಂದೇ ಬಾಗಿಲು ಸಾಕು. ಕಪಾಟಿನ ಸಾಲುಗಳ ನಡುವಿನ ದಾರಿ ಮೇಜಿನಿಂದ ಉದ್ದಕ್ಕೆ ಕಾಣುವ ಹಾಗೆ ನಿಲ್ಲಿಸಿ. ಅಡ್ಡ ನಿಲ್ಲಿಸಿದರೆ ಹಿಂದಿನದೊಂದೂ ಕಾಣುವುದಿಲ್ಲ. ಕತ್ತಲೆ ಮೂಲೆಗೆ ಒಂದು ಬಲ್ಬು ಹಾಕಿ.

ಕಿಟಕಿಗಳನ್ನು ಮರೆಯಬೇಡಿ. ಸರಳುಗಳ ನಡುವಿನಿಂದ ಪುಸ್ತಕವನ್ನು ಹೊರಗೆ ಹಾಕಿ, ಆಮೇಲೆ ಹೋಗಿ ಹೆಕ್ಕಿಕೊಳ್ಳುವುದು ಹಳೆಯ ಉಪಾಯ. ಒಂದು ಬಲೆ ಹೊಡೆಸಿದರೆ ಗಾಳಿಯೂ ಬರುತ್ತದೆ, ಪುಸ್ತಕವೂ ಉಳಿಯುತ್ತದೆ.

ಚೀಲ, ಕೊಡೆ ಇಡಲು ಬಾಗಿಲ ಹತ್ತಿರ ಒಂದು ಸ್ಟ್ಯಾಂಡ್ ಇಡಿ. ಕೈಚೀಲದಲ್ಲಿ ದುಡ್ಡು, ಫೋನ್ ಬಿಡಬೇಡಿ ಎಂದು ಬೋರ್ಡ್ ಹಾಕಿ. ಚೀಲ ಹೊರಗಿಡುವ ನಿಯಮ ಶಾಲಾ ಮಕ್ಕಳಿಗೆ ಮಾತ್ರ, ದೊಡ್ಡವರಿಗೆ ಇಲ್ಲ ಅನ್ನುವ ಹಾಗೆ ನಡೆಸಿದರೆ ಆ ನಿಯಮ ಒಂದು ತಿಂಗಳೂ ಬಾಳುವುದಿಲ್ಲ. ಸಮಿತಿಯ ಕಾರ್ಯದರ್ಶಿಯೂ ಚೀಲ ಹೊರಗೇ ಇಡಬೇಕು.

ಎಲ್ಲಕ್ಕಿಂತ ದೊಡ್ಡ ಕಾವಲು, ಒಳಗೆ ಬಂದವರನ್ನು ತಲೆ ಎತ್ತಿ ನೋಡಿ ಮಾತಾಡಿಸುವುದು. "ಏನು ಹುಡುಕ್ತಾ ಇದ್ದೀರಿ?" ಎಂದು ನಗುತ್ತಾ ಕೇಳಿದರೆ ಓದುಗರಿಗೆ ಖುಷಿಯಾಗುತ್ತದೆ. ಕದಿಯಲು ಬಂದವರಿಗೆ ತನ್ನನ್ನು ಗುರುತಿಸಿದ್ದಾರೆ ಎಂದು ಗೊತ್ತಾಗುತ್ತದೆ.

5. ಕೊಡುವಾಗ ಬರೆಯಿರಿ, ಯಾರೇ ಆಗಿರಲಿ

ಪುಸ್ತಕ ಕಾಣೆಯಾಗುವ ಮುಖ್ಯ ದಾರಿ ಇದೇ. ಅಪರಿಚಿತರು ಬಂದು ಕದ್ದೊಯ್ಯುವುದು ಕಡಿಮೆ. ಬೇಕಾದವರು, ಗೌರವ ಇರುವವರು, "ನಾಳೆ ತಂದು ಕೊಡ್ತೇನೆ, ಬರೆಯೋದು ಬೇಡ" ಎಂದು ಒಯ್ಯುವುದು ಜಾಸ್ತಿ. ಸಮಿತಿಯವರು, ಮೇಷ್ಟ್ರುಗಳು, ಭಾಷಣಕ್ಕೆ ತಯಾರಿ ಮಾಡುವವರು, ಸಂಶೋಧನೆ ಮಾಡುವವರು. ಮೇಜಿನಲ್ಲಿ ಕೂತ ಹುಡುಗಿಗೆ ಅವರನ್ನು ತಡೆಯುವ ಧೈರ್ಯ ಎಲ್ಲಿಂದ ಬರಬೇಕು? ಆಮೇಲೆ ಅವರೂ ಮರೆಯುತ್ತಾರೆ, ಇವರೂ ಮರೆಯುತ್ತಾರೆ.

ಹಾಗಾಗಿ ಬರೆಯದೆ ಒಂದು ಪುಸ್ತಕವೂ ಹೊರಗೆ ಹೋಗಬಾರದು ಎಂದು ಸಮಿತಿಯೇ ನಿರ್ಣಯ ಮಾಡಿ, ಅಧ್ಯಕ್ಷರ ಸಹಿಯೊಡನೆ ಮೇಜಿನ ಮೇಲೆ ಇಡಿ. "ಸಮಿತಿಯ ನಿಯಮ ಸರ್, ಒಂದು ಸಹಿ ಹಾಕಿ" ಎಂದು ಅವಳು ಹೇಳುವಂತಾಗಬೇಕು. ಅಧ್ಯಕ್ಷರು ಎಲ್ಲರ ಎದುರು ಮೊದಲ ಸಹಿ ಹಾಕಿ ಪುಸ್ತಕ ಒಯ್ಯಲಿ.

ಬರೆಯಬೇಕಾದದ್ದು ನಾಲ್ಕು: ನಂಬರ್, ಪುಸ್ತಕದ ಹೆಸರು, ಒಯ್ದವರ ಸದಸ್ಯತ್ವ ಸಂಖ್ಯೆ ಮತ್ತು ಸಹಿ, ತಾರೀಕು. ಹಿಂತಿರುಗಿಸುವ ತಾರೀಕಿನ ಚೀಟಿಯನ್ನು ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿ. 14 ದಿನ ಸಾಕು. ಬೇರೆ ಯಾರೂ ಕೇಳದಿದ್ದರೆ ಫೋನಿನಲ್ಲೇ ಅವಧಿ ಮುಂದುವರಿಸಿ ಕೊಡಿ. ಇದಕ್ಕಾಗಿ ಪೈವಳಿಕೆಯಿಂದಲೋ ಪೆರ್ಲದಿಂದಲೋ ಬಸ್ಸು ಹಿಡಿದು ಬರಲು ಹೇಳಬೇಡಿ.

ಠೇವಣಿ ಜಾಸ್ತಿ ಮಾಡಿದರೆ ಕಳವು ಕಡಿಮೆಯಾಗುತ್ತದೆ ಅಂತ ಹೇಳುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಠೇವಣಿ ಏರಿದರೆ ಬಡವರ ಮಕ್ಕಳು ನಿಲ್ಲುತ್ತಾರೆ, ಪುಸ್ತಕ ಬೇಕೆಂದೇ ಇಟ್ಟುಕೊಳ್ಳುವವರು ನಿಲ್ಲುವುದಿಲ್ಲ. ವಿಳಾಸ ತಿಳಿದಿರುವ ಇನ್ನೊಬ್ಬ ಸದಸ್ಯರ ಶಿಫಾರಸು ಇದ್ದರೆ ಸಾಕು.

6. ಬಾಕಿ ಇರುವುದನ್ನು ನಾಚಿಕೆ ಮಾಡದೆ ತರಿಸಿ

ಅವಧಿ ದಾಟಿದ ವಾರದಲ್ಲೇ ಒಂದು ಸಂದೇಶ ಕಳಿಸಿ. ವರ್ಷ ಕಳೆದ ಮೇಲೆ ಕೇಳಿದರೆ ಜಗಳವಾಗುತ್ತದೆ. ಬಾಕಿ ಇರುವವರ ಹೆಸರನ್ನು ನೋಟೀಸ್ ಬೋರ್ಡಿಗೋ ಊರಿನ ವಾಟ್ಸಾಪ್ ಗುಂಪಿಗೋ ಹಾಕಬೇಡಿ. ಹೆಸರು ಬಿದ್ದವರು ಪುಸ್ತಕವನ್ನೂ ತರುವುದಿಲ್ಲ, ಮತ್ತೆ ಆ ಕಡೆ ಮುಖವನ್ನೂ ಹಾಕುವುದಿಲ್ಲ. ಯಾರು ಏನು ಓದುತ್ತಾರೆ ಅನ್ನುವುದು ಊರಿಗೆಲ್ಲ ತಿಳಿಯಬೇಕಾದ ವಿಷಯವೂ ಅಲ್ಲ.

ವರ್ಷಕ್ಕೊಂದು 'ಹಿಂತಿರುಗಿಸುವ ತಿಂಗಳು' ಮಾಡಿ. ಕೇರಳದಲ್ಲಿ ಜೂನ್ 19, ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ, ವಾಚನ ದಿನ. ಶಾಲೆಗಳೂ ಗ್ರಂಥಾಲಯಗಳೂ ಆಗ ಕಾರ್ಯಕ್ರಮ ಮಾಡುತ್ತಲೇ ಇರುತ್ತವೆ. ಅದರ ಜೊತೆಗೇ ಇದನ್ನೂ ಸೇರಿಸಿ. ಬಾಗಿಲ ಹೊರಗೆ ಒಂದು ಮುಚ್ಚಿದ ಪೆಟ್ಟಿಗೆ ಇಡಿ. ಮಳೆ ನೀರು ಒಳಗೆ ಹೋಗದ ಜಾಗ ನೋಡಿ ಇಡಬೇಕು. ದಂಡ ಇಲ್ಲ, ಹೆಸರು ಕೇಳುವುದಿಲ್ಲ ಎಂದು ಬರೆಯಿರಿ. ಹೇಳಿದ ಹಾಗೆಯೇ ನಡೆದುಕೊಳ್ಳಿ. ಅಪ್ಪ ತೀರಿಕೊಂಡ ಮೇಲೆ ಅಟ್ಟದಲ್ಲಿ ಸಿಕ್ಕ ಗ್ರಂಥಾಲಯದ ಪುಸ್ತಕವನ್ನು ಏನು ಮಾಡುವುದು ಅಂತ ಗೊತ್ತಾಗದೆ ಇಟ್ಟುಕೊಂಡವರು ಇದ್ದಾರೆ. ಅವರಿಗೆ ಇದೊಂದು ದಾರಿ.

ಕಳೆದುಕೊಂಡವರಿಂದ ದುಡ್ಡಿನ ಬದಲು ಅದೇ ಪುಸ್ತಕ ತರಿಸಿ. ಅದು ಸಿಗದಿದ್ದರೆ ನೀವು ಹೇಳಿದ ಇನ್ನೊಂದು ಕನ್ನಡ ಪುಸ್ತಕ ತರಲಿ. ದುಡ್ಡು ತೆಗೆದುಕೊಂಡರೆ ಅದು ಚಾ ಖರ್ಚಿಗೆ ಹೋಗುತ್ತದೆ, ಪುಸ್ತಕ ಬರುವುದಿಲ್ಲ.

7. ಪುಟ ಹರಿಯುವವರು

ಪೂರ್ತಿ ಪುಸ್ತಕ ಕದಿಯುವುದಕ್ಕಿಂತ ಪುಟ ಹರಿದು ಒಯ್ಯುವುದು ಕೆಟ್ಟದ್ದು, ಯಾಕಂದರೆ ಎಣಿಕೆಯಲ್ಲಿ ಇದು ಗೊತ್ತಾಗುವುದಿಲ್ಲ. ಹೆಚ್ಚಾಗಿ ಇದಕ್ಕೆ ತುತ್ತಾಗುವುದು ರ‍್ಯಾಂಕ್ ಫೈಲ್ ಮತ್ತು ಪಾಠದ ಪುಸ್ತಕಗಳು. ನಮ್ಮ ಜಿಲ್ಲೆಯಲ್ಲಿ ಕನ್ನಡ ಮಲಯಾಳ ಎರಡೂ ಬಲ್ಲವರಿಗೆ ಎಂದು ಪಿಎಸ್‌ಸಿ ಹುದ್ದೆಗಳಿವೆ. ಅದಕ್ಕೆ ಓದುವ ಹುಡುಗ ಹುಡುಗಿಯರ ಒತ್ತಡ ದೊಡ್ಡದು. ಅವರನ್ನು ಬೈದು ಪ್ರಯೋಜನ ಇಲ್ಲ. ಫೋನಿನಲ್ಲಿ ಬೇಕಾದ ಪುಟದ ಫೋಟೋ ತೆಗೆಯಲು ಬಿಡಿ. ಇಂಥ ಪುಸ್ತಕ ಎರಡು ಪ್ರತಿ ತರಿಸಿ, ಒಂದು ಮನೆಗೆ ಕೊಡಲು, ಒಂದು ಅಲ್ಲೇ ಓದಲು. ವಾಪಸು ಬಂದಾಗ ಬೆರಳಾಡಿಸಿ ಒಮ್ಮೆ ನೋಡಿ. ಫೋಟೋ ತೆಗೆಯಬಾರದು ಎಂಬ ಬೋರ್ಡ್ ಇರುವ ಗ್ರಂಥಾಲಯ ತಾನೇ ಬ್ಲೇಡ್ ಹುಡುಕಲು ಹೇಳಿಕೊಟ್ಟ ಹಾಗೆ.

8. ಅಪರೂಪದವು

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ಮೊದಲ ಮುದ್ರಣ, ಹಳೆಯ ಪತ್ರಿಕೆಗಳ ಬೈಂಡ್ ಸಂಪುಟ, ಓಲೆಗರಿ, ಕೈಬರಹದ ಪ್ರಸಂಗ, ಲೇಖಕರ ಸಹಿ ಇರುವ ಪ್ರತಿ. ಇಂಥವು ನಿಮ್ಮಲ್ಲಿದ್ದರೆ ಪ್ರತಿಯೊಂದಕ್ಕೂ ಒಂದು ಹಾಳೆ ಮಾಡಿ. ಅಳತೆ, ಪುಟ ಎಷ್ಟು, ಎಲ್ಲಿ ಹುಳ ಕೊರೆದ ತೂತು ಇದೆ, ಯಾರ ಹೆಸರು ಬರೆದಿದೆ, ಶಾಯಿಯ ಕಲೆ ಎಲ್ಲಿದೆ ಎಂದು ಬರೆಯಿರಿ. ಫೋಟೋ ತೆಗೆದು ಒಂದು ಪ್ರತಿ ಗ್ರಂಥಾಲಯದ ಹೊರಗೂ ಇಡಿ. ಕಳವಾದದ್ದು ಎಲ್ಲೋ ಸಿಕ್ಕಾಗ ಇದು ನಮ್ಮದು ಎಂದು ತೋರಿಸಲು ಸೀಲಿಗಿಂತ ಈ ಕಲೆಗಳೇ ಗಟ್ಟಿ ಸಾಕ್ಷಿ. ಸೀಲನ್ನು ಕತ್ತರಿಸಿ ತೆಗೆಯಬಹುದು, ಹುಳದ ದಾರಿಯನ್ನು ಅಳಿಸಲಾಗುವುದಿಲ್ಲ.

ಓಲೆಗರಿಯ ಮೇಲೆ ಏನನ್ನೂ ಬರೆಯಬೇಡಿ, ಅಂಟಿಸಬೇಡಿ. ಸುತ್ತಿದ ಬಟ್ಟೆಗೆ ನಂಬರಿನ ಚೀಟಿ ಕಟ್ಟಿ. 75 ವರ್ಷ ದಾಟಿದ, ಸಾಹಿತ್ಯದ ಅಥವಾ ಚರಿತ್ರೆಯ ಮಹತ್ವ ಇರುವ ಹಸ್ತಪ್ರತಿ 1972ರ ಪುರಾವಸ್ತು ಕಾಯಿದೆಯ ಕೆಳಗೆ ಬರುತ್ತದೆ. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಯಾರಾದರೂ ಬಂದು ಒಳ್ಳೆಯ ಬೆಲೆ ಕೊಡುತ್ತೇನೆ ಎಂದರೆ ಸಮಿತಿಯವರಿಗೆ ಈ ಕಾನೂನು ಗೊತ್ತಿರಲಿ.

ಅಪರೂಪದ್ದನ್ನು ಓದಲು ಬಂದವರನ್ನು ಹಿಂದೆ ಕಳಿಸಬೇಡಿ. ಹೆಸರು, ಗುರುತಿನ ಚೀಟಿಯ ವಿವರ ಬರೆದುಕೊಳ್ಳಿ. ಒಮ್ಮೆಗೆ ಒಂದೇ ಕೊಡಿ. ನಿಮ್ಮ ಮೇಜಿನ ಎದುರು ಕೂರಿಸಿ. ಕೊಡುವಾಗಲೂ ತೆಗೆದುಕೊಳ್ಳುವಾಗಲೂ ಅವರ ಎದುರೇ ಹಾಳೆ ಎಣಿಸಿ. ವಿದ್ವಾಂಸರಿಗೆ ಇದರಿಂದ ಬೇಸರವಾಗುವುದಿಲ್ಲ.

ಹಳೆಯದನ್ನು ವಿಲೇವಾರಿ ಮಾಡುವಾಗ ಇನ್ನೊಂದು ಮಾತು. ಗುಜರಿಗೆ ಕೊಡುವ, ಬೇರೆ ಗ್ರಂಥಾಲಯಕ್ಕೆ ಕೊಡುವ ಪುಸ್ತಕಕ್ಕೆ 'ರದ್ದಾಗಿದೆ' ಎಂಬ ಸೀಲು ಹಾಕಿ, ರಿಜಿಸ್ಟರಿನಲ್ಲೂ ಬರೆಯಿರಿ. ಇಲ್ಲದಿದ್ದರೆ ನಿಮ್ಮ ಸೀಲಿನ ಪುಸ್ತಕ ಹಳೆ ಪುಸ್ತಕದಂಗಡಿಯಲ್ಲಿ ಕಂಡಾಗ ಅದು ಕದ್ದದ್ದೋ ಕೊಟ್ಟದ್ದೋ ಹೇಳಲಾಗುವುದಿಲ್ಲ.

9. ಯಾರಾದರೂ ಸಿಕ್ಕಿಬಿದ್ದರೆ

ಮೈ ಮುಟ್ಟಬೇಡಿ, ಚೀಲ ಕಿತ್ತುಕೊಳ್ಳಬೇಡಿ, ಜನ ಸೇರಿಸಬೇಡಿ. "ಈ ಪುಸ್ತಕ ಬರೆಸೋದು ಮರೆತ್ರಾ?" ಎಂದು ಕೇಳಿ. ಹೆಚ್ಚಿನವರು ಹೌದು ಎಂದು ಕೊಡುತ್ತಾರೆ, ಅಲ್ಲಿಗೆ ಮುಗಿಸಿ. ಮಗುವಾದರೆ ಒಬ್ಬರೇ ಕರೆದು ಮಾತಾಡಿ. ಓದುವ ಆಸೆಗೆ ಕದ್ದ ಮಗುವಿಗೆ ಸದಸ್ಯತ್ವ ಕೊಡಿ. ಫೋಟೋ ತೆಗೆದು ಹಂಚುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಅಪರೂಪದ್ದು ಹೋದರೆ, ಅಥವಾ ಒಬ್ಬರೇ ಮತ್ತೆ ಮತ್ತೆ ಒಯ್ದು ಮಾರುತ್ತಿದ್ದಾರೆ ಎಂದು ಖಾತ್ರಿಯಾದರೆ ಪೊಲೀಸರಿಗೆ ದೂರು ಕೊಡಿ. ಜೊತೆಗೆ ರಿಜಿಸ್ಟರಿನ ಆ ಪುಟದ ಪ್ರತಿ, ಫೋಟೋ ಮತ್ತು ಗುರುತಿನ ಹಾಳೆ ಇರಲಿ. 2024ರ ಜುಲೈ 1ರಿಂದ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಅನ್ವಯವಾಗುತ್ತದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು, ಮೊದಲ ಸಲದ ಅಪರಾಧ, ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದ್ದಾರೆ ಎಂದಾದರೆ ಶಿಕ್ಷೆ ಸಮುದಾಯ ಸೇವೆ. ಪುಸ್ತಕದ ಮುಖಬೆಲೆ ಎಂಟಾಣೆ ಎಂದು ದೂರಿನಲ್ಲಿ ಬರೆದರೆ ಅದಕ್ಕೆ ತೂಕ ಸಿಗುವುದಿಲ್ಲ. ಅದು ಯಾಕೆ ಅಪರೂಪ, ಯಾಕೆ ಪುನಃ ಸಿಗುವುದಿಲ್ಲ ಎಂದು ಬಿಡಿಸಿ ಬರೆಯಿರಿ.

10. ಕ್ಯಾಮೆರಾ, ಗೇಟು, ಸಾಫ್ಟ್‌ವೇರ್

ಇದನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಮೇಲಿನದ್ದೆಲ್ಲ ಆಗದೆ ಇವು ಕೆಲಸ ಮಾಡುವುದಿಲ್ಲ.

ದೊಡ್ಡ ಗ್ರಂಥಾಲಯಗಳಲ್ಲಿ ಎರಡು ಬಗೆಯ ಗೇಟುಗಳಿವೆ. ಒಂದರಲ್ಲಿ ಪುಸ್ತಕದ ಬೆನ್ನೊಳಗೆ ತೆಳ್ಳಗಿನ ಕಾಂತಪಟ್ಟಿ ಅಡಗಿಸುತ್ತಾರೆ. ಕೊಡುವಾಗ ಅದನ್ನು ನಿಷ್ಕ್ರಿಯ ಮಾಡದಿದ್ದರೆ ಗೇಟು ಕೂಗುತ್ತದೆ. ಇನ್ನೊಂದು ಆರ್‌ಎಫ್‌ಐಡಿ, ಅಂದರೆ ರೇಡಿಯೋ ಅಲೆಯಿಂದ ಓದುವ ಸಣ್ಣ ಚಿಪ್ಪಿನ ಸ್ಟಿಕ್ಕರ್. ಸ್ಟಿಕ್ಕರ್ ಕಣ್ಣಿಗೆ ಕಂಡರೆ ಕಿತ್ತು ತೆಗೆಯಬಹುದು. ಕಬ್ಬಿಣದ ಕಪಾಟಿನ ಹತ್ತಿರ ಯಂತ್ರಕ್ಕೆ ಅದನ್ನು ಓದುವುದಕ್ಕೂ ತೊಡಕು. ತೆಳ್ಳಗಿನ ಪ್ರಸಂಗ ಪುಸ್ತಕಕ್ಕೆ ಪಟ್ಟಿ ಅಡಗಿಸಲು ಬೆನ್ನೇ ಇರುವುದಿಲ್ಲ. ಕಾಲೇಜು, ಜಿಲ್ಲಾ ಮಟ್ಟದ ಗ್ರಂಥಾಲಯಕ್ಕೆ ಇವು ಸರಿ. ಊರಿನ ಎರಡು ಕೋಣೆಯ ಗ್ರಂಥಾಲಯಕ್ಕೆ ಆ ದುಡ್ಡಿನಲ್ಲಿ ಸಂಜೆ ಎರಡು ಗಂಟೆ ಜಾಸ್ತಿ ತೆರೆದಿಡುವುದು ಒಳ್ಳೆಯದು.

ಕ್ಯಾಮೆರಾ ಹಾಕುವುದಾದರೆ ಬಾಗಿಲಿಗೆ ಮತ್ತು ಬೀಗದ ಕಪಾಟಿಗೆ ತಿರುಗಿಸಿ. ಓದುವವರ ಮುಖಕ್ಕೆ ಬೇಡ.

ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಲು 'ಕೋಹಾ' ಎಂಬ ಉಚಿತ ಸಾಫ್ಟ್‌ವೇರ್ ಇದೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ್ದು, ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. ಅದನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ ಸಾದಾ ಸ್ಪ್ರೆಡ್‌ಶೀಟ್ ಸಾಕು. ಹೆಸರುಗಳನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲಿ ಹಾಕಿದರೆ ಬೇರೆ ಕಂಪ್ಯೂಟರಿನಲ್ಲಿ ಕನ್ನಡವೇ ಕಾಣುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. ಕಂಪ್ಯೂಟರ್ ಬಂತೆಂದು ಕೈಬರಹದ ಸ್ಟಾಕ್ ರಿಜಿಸ್ಟರನ್ನು ನಿಲ್ಲಿಸಬೇಡಿ. ಕೇರಳ ರಾಜ್ಯ ಲೈಬ್ರರಿ ಕೌನ್ಸಿಲಿನವರು ಗ್ರಂಥಾಲಯಕ್ಕೆ ದರ್ಜೆ ಕೊಡುವ ಗ್ರೇಡಿಂಗಿಗೆ ಬಂದಾಗ ರಿಜಿಸ್ಟರ್ ನೋಡುತ್ತಾರೆ. ಪೊಲೀಸ್ ದೂರಿಗೂ ಅದರ ಪ್ರತಿಯೇ ಬೇಕಾಗುತ್ತದೆ.

ಗೇಟಿನ ಬೆಲೆ ವಿಚಾರಿಸುವ ಮೊದಲು ಎರಡು ವರ್ಷದ ಎಣಿಕೆಯ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯ ವರ್ಷ ಕಾಣೆಯಾದ ಪಟ್ಟಿ ಗಿಡ್ಡವಾಗಿದ್ದರೆ ಗೇಟು ಬೇಡ, ಆ ದುಡ್ಡಿಗೆ ಪುಸ್ತಕ ತರಿಸಿ. ಉದ್ದವಾಗಿದ್ದರೆ ಯಾವ ಬಣ್ಣದ ಲೇಬಲ್ಲಿನವು ಹೋಗಿವೆ ನೋಡಿ, ಆ ಒಂದು ಸಾಲನ್ನು ಮಾತ್ರ ಮೇಜಿನ ಹತ್ತಿರಕ್ಕೆ ಸರಿಸಿ. ಉಳಿದ ಕಪಾಟುಗಳು ಇದ್ದ ಹಾಗೆಯೇ ತೆರೆದಿರಲಿ.